ವೆನಿಸ್‌ನ ಘೆಟ್ಟೋದಲ್ಲಿ ಒಂದು ಭಾನುವಾರ

ಸೇಂಟ್ ಮಾರ್ಕ್ ಚೌಕದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಜನಜಂಗುಳಿ, ದುಬಾರಿ ಕಾಫಿ. ನನಗೆ ಹಿಡಿಸಲಿಲ್ಲ. ನಾನು ಬರೆಯಬೇಕು ಅಂದುಕೊಂಡದ್ದು ರೈಲು ನಿಲ್ದಾಣದಿಂದ ಸ್ವಲ್ಪವೇ ದೂರದ ಘೆಟ್ಟೋ, ಅಂದರೆ ಹಿಂದೆ ಯಹೂದಿಗಳನ್ನು ಕೂಡಿಹಾಕಿದ್ದ ಕೇರಿಯ ಬಗ್ಗೆ.

ಕಾಲುವೆ ದಂಡೆಯಿಂದ ತಗ್ಗಾದ ಒಂದು ಕಮಾನಿನಡಿ ಹಾದು ಒಳಗೆ ಹೋಗಬೇಕು. ಬಾಗಿಲಿನ ಕೀಲು ಕೂರಿಸಿದ್ದ ಗುರುತುಗಳು ಕಲ್ಲಿನಲ್ಲಿ ಇನ್ನೂ ಇವೆ. ಯಹೂದಿಗಳೆಲ್ಲ ಇಲ್ಲೇ ಇರಬೇಕೆಂದು 1516ರಲ್ಲಿ ವೆನಿಸ್ ಸರ್ಕಾರ ಆದೇಶಿಸಿತು. ರಾತ್ರಿ ಬಾಗಿಲು ಹಾಕುತ್ತಿದ್ದರು. ಕಾವಲುಗಾರರ ಸಂಬಳವನ್ನೂ ಒಳಗಿದ್ದವರೇ ಕೊಡಬೇಕಿತ್ತು! ಜನ ಹೆಚ್ಚಿದಂತೆ ಮನೆಗಳು ಮೇಲಕ್ಕೆ ಬೆಳೆದವು. ಏಳೆಂಟು ಅಂತಸ್ತು, ತೀರಾ ತಗ್ಗು ಚಾವಣಿ.

ಶನಿವಾರ ಮಾತ್ರ ಹೋಗಬೇಡಿ. ಅದು ಯಹೂದಿಗಳ ವಾರದ ವಿರಾಮದ ದಿನ, ಇಲ್ಲಿಯ ಯಹೂದಿ ಮ್ಯೂಸಿಯಂ ಮುಚ್ಚಿರುತ್ತದೆ. ತೆರೆದಿರುತ್ತೆ ಅಂತ ಹೋಟೆಲಿನವರು ಹೇಳಿ ಕಳಿಸಿದ್ದರು. ಆ ಕೋಪ ನನಗಿನ್ನೂ ಇಳಿದಿಲ್ಲ.

ಭಾನುವಾರ ಮತ್ತೆ ಹೋದೆವು. ಸ್ಥಳ ತೋರಿಸಿದ ಹಿರಿಯ ಮಹಿಳೆಯನ್ನು ಘೆಟ್ಟೋ ಎಂಬ ಹೆಸರಿನ ಬಗ್ಗೆ ಕೇಳಿದೆ.

“ಇಲ್ಲಿ ಮೊದಲು ಲೋಹ ಕರಗಿಸಿ ಎರಕ ಹೊಯ್ಯುತ್ತಿದ್ದರು. ಅದಕ್ಕೆ ವೆನಿಸ್ ಮಾತಿನಲ್ಲಿ ‘ಜೆತೊ’. ಮೊದಲು ಬಂದವರಲ್ಲಿ ಜರ್ಮನ್ ಯಹೂದಿಗಳು ಹೆಚ್ಚು. ಅವರ ಬಾಯಲ್ಲಿ ‘ಜ’ ಹೋಗಿ ‘ಗ’ ಆಯಿತು ಅನ್ನುತ್ತಾರೆ. ಬೇರೆ ವಾದಗಳೂ ಇವೆ.”

ಒಂದು ಗೊಂದಲವಿತ್ತು. ಈ ಕೇರಿಯಲ್ಲಿ ‘ಹೊಸ’ ಮತ್ತು ‘ಹಳೆ’ ಎಂಬ ಭಾಗಗಳಿವೆ. ಯಹೂದಿಗಳು ‘ಹೊಸ ಘೆಟ್ಟೋ’ಗೆ ಬಂದದ್ದು 1516ರಲ್ಲಿ, ‘ಹಳೆ ಘೆಟ್ಟೋ’ಗೆ 1541ರಲ್ಲಿ. ಅದು ಹೇಗೆ? ಹಳೆಯದು, ಹೊಸದು ಎಂಬ ಹೆಸರು ಎರಕದ ಜಾಗಗಳದ್ದು, ಜನರದ್ದಲ್ಲ ಎಂದರು.

“ಈಗ ಇಂಗ್ಲಿಷಿನಲ್ಲಿ ಬಡವರ ಕೇರಿಗೆಲ್ಲ ಘೆಟ್ಟೋ ಅಂತಾರಲ್ಲ?” ಅಂದೆ.

ಅವರು ತಲೆಯಾಡಿಸಿದರು. “ಇಲ್ಲಿ ವೈದ್ಯರಿದ್ದರು, ಸಾಲ ಕೊಡುವವರಿದ್ದರು, ವ್ಯಾಪಾರಿಗಳಿದ್ದರು. ಎಲ್ಲರೂ ಬಡವರಲ್ಲ. ಆದರೆ ಬಾಗಿಲು ಎಲ್ಲರಿಗೂ ಒಂದೇ.”

ಷಿಕಾಗೋ ನೆನಪಾಯಿತು. ಅಲ್ಲಿ ಹಿಂದೆ ಕಪ್ಪು ಜನರಿಗೆ ಮನೆ ಮಾರಬಾರದೆಂದು ಕರಾರುಪತ್ರದಲ್ಲೇ ಬರೆಯುತ್ತಿದ್ದರು. ಕೈಯಲ್ಲಿ ದುಡ್ಡಿದ್ದರೂ ಬೇರೆ ಬೀದಿಗೆ ಹೋಗುವಂತಿರಲಿಲ್ಲ. ಅವರ ಕೇರಿಗಳನ್ನು ಘೆಟ್ಟೋ ಎಂದದ್ದು ಸರಿಯಾಗಿಯೇ ಇತ್ತು, ಅಲ್ವಾ? ಸುಮ್ನೆ ಕೊಳಕು ಬೀದಿಗೆಲ್ಲ ಆ ಹೆಸರಿಡುವುದು ನನಗೆ ಒಪ್ಪಿಗೆಯಿಲ್ಲ.

1797ರಲ್ಲಿ ನೆಪೋಲಿಯನ್‌ನ ಸೈನ್ಯ ಬಂದಾಗ ಇಲ್ಲಿಯ ಬಾಗಿಲುಗಳನ್ನು ಕಿತ್ತುಹಾಕಿದರು. ಆದರೆ 1943 ಮತ್ತು 44ರಲ್ಲಿ ಇದೇ ಊರಿನ ಯಹೂದಿಗಳನ್ನು ಹಿಡಿದು ನಾಜಿ ಶಿಬಿರಗಳಿಗೆ ಸಾಗಿಸಿದರು. ಚೌಕದ ಗೋಡೆಯ ಮೇಲೆ ಅದರ ಸ್ಮಾರಕವಿದೆ, ನೋಡದೆ ಬರಬೇಡಿ. ಹಳೆಯ ಐದು ಪ್ರಾರ್ಥನಾ ಮಂದಿರಗಳಲ್ಲಿ ಎರಡು ಈಗಲೂ ಬಳಕೆಯಲ್ಲಿವೆ: ಚಳಿಗಾಲಕ್ಕೆ ಒಂದು, ಬೇಸಿಗೆಗೆ ಇನ್ನೊಂದು.