ಅಮ್ಮನೊಡನೆ ಬೆಂಗಳೂರಿಗೆ, ಹಗಲಿನ ರೈಲಿನಲ್ಲಿ

15 ನವೆಂಬರ್ 2024, ಶುಕ್ರವಾರ
ರಾತ್ರಿ ಹನ್ನೊಂದು, ಮಲ್ಲೇಶ್ವರ, ತಮ್ಮನ ಮನೆ

ಅಮ್ಮ ಮಲಗಿದ್ದಾಳೆ. ಮಂಡಿಗೆ ಎಣ್ಣೆ ತಿಕ್ಕಿ ಮುಗಿಸುವಷ್ಟರಲ್ಲಿ ನಿದ್ದೆ ಹತ್ತಿತ್ತು. ಪುತ್ತೂರಿನಿಂದ ಬಂದಿಳಿದ ದಿನ ಅವಳು ಇಷ್ಟು ನಿರಾಳವಾಗಿ ಮಲಗಿದ್ದನ್ನು ನಾನು ನೋಡಿಯೇ ಇರಲಿಲ್ಲ.

ಸೋಮವಾರ ಅವಳ ಮಂಡಿಯ ತಪಾಸಣೆ. ಇದು ಜುಲೈ ಕೊನೆಯಲ್ಲೇ ಆಗಬೇಕಿತ್ತು. ಆಗಲೂ ಹಗಲಿನ ರೈಲಿಗೇ ಟಿಕೆಟ್ ಮಾಡಿಸಿದ್ದೆ. ಜುಲೈ 26ರಂದು ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಬುಡದ ಮಣ್ಣು ಕುಸಿದು, ಹತ್ತು ದಿನಕ್ಕೂ ಮೇಲೆ ಘಾಟಿಯಲ್ಲಿ ರೈಲೇ ಓಡಲಿಲ್ಲ. ಬಸ್ಸಿನಲ್ಲಿ ಹೋಗೋಣ ಎಂದರೆ ಅಮ್ಮ ಒಪ್ಪಲಿಲ್ಲ. "ನೋವು ಹೇಗೂ ಇದೆ, ಇನ್ನೆರಡು ತಿಂಗಳು ಇರಲಿ" ಎಂದಳು. ಎರಡು ತಿಂಗಳು ನಾಲ್ಕಾಯಿತು.

ಈ ಸಲ ಹೊರಡುವ ಮೊದಲು ಮನೆಯಲ್ಲಿ ಒಂದು ವಾರ ಇದೇ ಚರ್ಚೆ. ತಮ್ಮನಿಗೆ ವಿಮಾನವೇ ಸರಿ ಎಂಬ ಹಟ. ಬಜಪೆಯಿಂದ ಹಾರಿದರೆ ಒಂದು ಗಂಟೆಯ ಹಾದಿ, ಗಾಲಿ ಕುರ್ಚಿಯೂ ಸಿಗುತ್ತದೆ ಎಂದ. ಅವನ ಕಾಳಜಿ ನಿಜವಾದದ್ದು. ಆದರೆ ಪುತ್ತೂರಿನಿಂದ ಬಜಪೆಗೆ ಎರಡು ಗಂಟೆ, ಅಲ್ಲಿ ಕಾಯುವುದು ಎರಡು ಗಂಟೆ, ದೇವನಹಳ್ಳಿಯಲ್ಲಿ ಇಳಿದು ಊರೊಳಗೆ ಬರಲು ಮತ್ತೆ ಒಂದೂವರೆ ಗಂಟೆ. ಕೂಡಿಸಿದರೆ ಉಳಿಯುವುದು ಎರಡು ಮೂರು ಗಂಟೆ, ಅಷ್ಟಕ್ಕೆ ಮೂರು ಕಡೆ ಹತ್ತಿ ಇಳಿಯಬೇಕು. ಕಾರು ಬೇಡವೆಂದು ನಾನೇ ಹೇಳಿದೆ. ಏಳೆಂಟು ಗಂಟೆ ಕಾಲು ಮಡಚಿ ಕೂರುವುದು ಅವಳಿಂದಾಗದು.

ಉಳಿದದ್ದು ಬಸ್ಸು. ನಮ್ಮ ಕಡೆಯವರಿಗೆ ಬೆಂಗಳೂರು ಎಂದರೆ ರಾತ್ರಿ ಬಸ್ಸೇ. ಊಟ ಮುಗಿಸಿ ಹತ್ತಿದರೆ ಬೆಳಕು ಹರಿಯುವಾಗ ಮೆಜೆಸ್ಟಿಕ್. ಉಪ್ಪಿನಂಗಡಿ, ಗುಂಡ್ಯ ದಾಟಿ ಶಿರಾಡಿ ಹತ್ತುವುದು, ಇಲ್ಲವೇ ಸುಳ್ಯ, ಸಂಪಾಜೆ, ಮಡಿಕೇರಿ ಕಡೆಯಿಂದ ಮೈಸೂರಿಗೆ ಇಳಿಯುವುದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಕೆಂಪು ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿನ ದುಡ್ಡೂ ಇಲ್ಲ. ಪಕ್ಕದ ಮನೆಯ ಚಿಕ್ಕಮ್ಮ ಮಗಳ ಬಾಣಂತನಕ್ಕೆ ಹಾಗೆಯೇ ನಾಲ್ಕು ಸಲ ಹೋಗಿ ಬಂದರು. ದುಡ್ಡಿಗಾಗಿ ಯಾರ ಮುಖವನ್ನೂ ನೋಡಬೇಕಾಗಲಿಲ್ಲ ಎನ್ನುವಾಗ ಅವರ ದನಿಯಲ್ಲಿದ್ದ ಬಲ ನನಗೆ ಇನ್ನೂ ನೆನಪಿದೆ. ಬಸ್ಸನ್ನು ನಾನು ಹಗುರಾಗಿ ಕಾಣಲಾರೆ.

ಆದರೂ ಅಮ್ಮ ಬಸ್ಸಿಗೆ ಏಕೆ ಹೆದರುತ್ತಾಳೆ ಎಂಬುದು ನನಗೆ ತಿಳಿದದ್ದು ಕಳೆದ ವರ್ಷ. ಪ್ರಯಾಣದ ದಿನ ಸಂಜೆ ನಾಲ್ಕಕ್ಕೆ ಕಾಫಿ ಕೊಟ್ಟರೆ ಬೇಡವೆಂದಳು. ರಾತ್ರಿ ಊಟಕ್ಕೆ ಕೂತವಳು ನೀರನ್ನೂ ಮುಟ್ಟಲಿಲ್ಲ. ಏಕೆಂದು ಒತ್ತಾಯಿಸಿದಾಗ ಮೆಲ್ಲಗೆ, "ದಾರಿಯಲ್ಲಿ ಅವಸರವಾದರೆ ಯಾರನ್ನು ಕೇಳುವುದು?" ಎಂದಳು. ನಡುರಾತ್ರಿ ಹಾಸನದ ಆಸುಪಾಸಿನಲ್ಲಿ ಒಂದು ಹೋಟೆಲಿನ ಮುಂದೆ ಬಸ್ಸು ನಿಲ್ಲುತ್ತದೆ. ಅಲ್ಲಿ ಕತ್ತಲಲ್ಲಿ, ಒದ್ದೆ ನೆಲದಲ್ಲಿ, ನೋಯುವ ಮಂಡಿ ಇಟ್ಟುಕೊಂಡು ಅವಳು ಹೋಗಬೇಕು, ಹತ್ತು ನಿಮಿಷದೊಳಗೆ ಮರಳಬೇಕು. ಎಷ್ಟು ವರ್ಷ ಹೀಗೆ ಒಣ ಗಂಟಲಲ್ಲಿ ರಾಜಧಾನಿಗೆ ಬಂದು ಹೋಗಿದ್ದಾಳೋ! ನಾನು ಮಗಳಾಗಿ ಅದನ್ನು ಗಮನಿಸಲಿಲ್ಲವಲ್ಲ ಎಂದು ಅಂದು ನಿದ್ದೆ ಬರಲಿಲ್ಲ. ವೇಗ, ದರ, ಸೀಟು ಎಂದೆಲ್ಲ ಲೆಕ್ಕ ಹಾಕುವ ನಾವು ಶೌಚಾಲಯವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಷ್ಟೋ ಹೆಂಗಸರಿಗೆ ಮೊದಲ ಪ್ರಶ್ನೆಯೇ ಅದು.

ಹಾಗಾಗಿ ರೈಲು. ಮಧ್ಯಾಹ್ನ ಕಬಕ ಪುತ್ತೂರಿನಲ್ಲಿ ಹತ್ತಿದೆವು. ಕಿಟಕಿ ಪಕ್ಕ ಅಮ್ಮ, ಎದುರಿನ ಸೀಟು ಖಾಲಿಯಿದ್ದಷ್ಟು ಹೊತ್ತು ಕಾಲು ಚಾಚಿಕೊಂಡಳು. ಸುಬ್ರಹ್ಮಣ್ಯ ರೋಡ್ ನಿಲ್ದಾಣ ನೆಟ್ಟಣದಲ್ಲಿದೆ. ಅಲ್ಲಿ ಗಾಡಿಯ ಹಿಂಬದಿಗೆ, ಅದನ್ನು ಮೇಲಕ್ಕೆ ತಳ್ಳುವ ಇಂಜಿನ್ ಜೋಡಿಸುತ್ತಾರೆ. ಐವತ್ತು ಅಡಿ ಸಾಗಿದರೆ ಒಂದು ಅಡಿ ಏರುವ ಹಾದಿ, ಮುಂದಿನ ಇಂಜಿನ್ ಒಂದರಿಂದಲೇ ಆಗದು. ಅಲ್ಲಿಂದ ಸಕಲೇಶಪುರದವರೆಗೆ ಸುಮಾರು 55 ಕಿಲೋಮೀಟರ್, 57 ಸುರಂಗ. ಈ ಹಾದಿಗೆ ಗಾಜಿನ ಚಾವಣಿಯ ಬೋಗಿಯೂ ಬಂದಿದೆ, 2021ರಿಂದ. ನಮಗೆ ಸಾದಾ ಬೋಗಿಯ ಕಿಟಕಿಯೇ ಸಾಕಾಯಿತು.

ಸಿರಿಬಾಗಿಲು ದಾಟಿದ ಮೇಲೆ ಅಮ್ಮ ಸುರಂಗ ಎಣಿಸತೊಡಗಿದಳು. ಮೀಟರ್ ಗೇಜ್ ಎಂಬ ಕಿರಿದಾದ ಹಳಿಯ ಕಾಲದಲ್ಲಿ ಅಪ್ಪನೊಡನೆ ಬಂದಾಗಲೂ ಎಣಿಸಿದ್ದಳಂತೆ. 1979ರಲ್ಲಿ ಶುರುವಾದ ಆ ರೈಲು ಗೇಜ್ ಪರಿವರ್ತನೆಗೆಂದು ತೊಂಬತ್ತರ ದಶಕದಲ್ಲಿ ನಿಂತದ್ದು, ಜನ ಮತ್ತೆ ಹತ್ತಿದ್ದು 2007ರ ಡಿಸೆಂಬರಿನಲ್ಲಿ. ಅಪ್ಪ ಅದನ್ನು ನೋಡಲಿಲ್ಲ. ಇಪ್ಪತ್ತನೆಯದೋ ಇಪ್ಪತ್ತೊಂದನೆಯದೋ ಸುರಂಗದಲ್ಲಿ ಲೆಕ್ಕ ತಪ್ಪಿತು. ಒಂದು ಸುರಂಗದ ಗೋಡೆಯ ಗೂಡಿನಲ್ಲಿ ಹಳಿ ಕಾಯುವವನೊಬ್ಬ ಬೆನ್ನನ್ನು ಕಲ್ಲಿಗೆ ಒತ್ತಿ ನಿಂತಿದ್ದ. ಟಾರ್ಚಿನ ಬೆಳಕು, ಒದ್ದೆ ಬೂಟು, ಕೈಯಲ್ಲಿ ಸುತ್ತಿದ ಹಸಿರು ಬಾವುಟ, ಇಷ್ಟೇ ಕಂಡದ್ದು. ಜುಲೈ ಮಳೆಯಲ್ಲಿ ಹಳಿಯುದ್ದಕ್ಕೂ ನಡೆದವರು ಇಂಥವರೇ. ಅಮ್ಮ ಕತ್ತಲಲ್ಲೇ ಕೈ ಮುಗಿದಳು. ಎಡಕುಮೇರಿಯ ಆಚೆ ಒಂದು ಕಡೆ ತಂತಿ ಬಲೆಯೊಳಗೆ ಕಲ್ಲು ತುಂಬಿ ಕಟ್ಟಿದ ಹೊಸ ತಡೆ ಕಂಡಿತು. ಗಾಡಿ ಅಲ್ಲಿ ಇನ್ನೂ ನಿಧಾನವಾಯಿತು. ಡಬ್ಬಿಯಲ್ಲಿ ಯಾರೂ ಮಾತನಾಡಲಿಲ್ಲ.

ಸಕಲೇಶಪುರದಲ್ಲಿ ಕಾಫಿ. ಅಮ್ಮ ಕೇಳಿ ತರಿಸಿಕೊಂಡಳು, ಪೂರ್ತಿ ಕುಡಿದಳು. ಮನೆಯಿಂದ ತಂದ ಒಂದು ಲೀಟರಿನ ನೀರಿನ ಬಾಟಲಿ ಹಾಸನ ಬರುವ ಮೊದಲೇ ಬರಿದಾಗಿತ್ತು. ಎರಡು ಸಲ ಎದ್ದು ಹೋಗಿ ಬಂದಳು, ಸೀಟಿನ ಅಂಚು ಹಿಡಿದುಕೊಂಡು, ಅವಸರವಿಲ್ಲದೆ.

ಹಾಸನದಿಂದ ಮುಂದೆ ಹೇಳುವಂಥದ್ದು ಹೆಚ್ಚಿಲ್ಲ. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೂಲಕ ಹೊಸ ಹಾದಿ ತೆರೆದ ಮೇಲೆ ಅರಸೀಕೆರೆಯ ಸುತ್ತು ತಪ್ಪಿದೆ. ಇಂದು ಕಾರ್ತಿಕ ಹುಣ್ಣಿಮೆ. ತಿರುವಿನಲ್ಲೊಮ್ಮೆ ಚಂದ್ರ ಕಿಟಕಿಗೆ ನೇರವಾಗಿ ಬಂದ. ಯಶವಂತಪುರದಲ್ಲಿ ತಮ್ಮ ಪ್ಲಾಟ್‌ಫಾರಂಗೇ ಬಂದು ನಿಂತಿದ್ದ, "ದಣಿವಾಯಿತೇ ಅಮ್ಮ?" ಎಂದ. "ಹಸಿವಾಗಿದೆ" ಎಂದಳು.

ಮರಳಲು ಮಂಗಳವಾರ ಬೆಳಗಿನ ರೈಲಿಗೆ ಹೆಸರು ಕೊಟ್ಟಿದ್ದೇನೆ, ಇಬ್ಬರದೂ ಕಾಯುವ ಪಟ್ಟಿಯಲ್ಲಿದೆ. ಸಿಗದಿದ್ದರೆ ರಾತ್ರಿ ಬಸ್ಸಿಗೆ ನೋಡಲೇ ಎಂದು ತಮ್ಮ ಕೇಳಿದ. ಗುರುವಾರದ ರೈಲಿನವರೆಗೆ ಇಲ್ಲೇ ಇರುತ್ತೇನೆ ಎಂದಿದ್ದಾಳೆ ಅಮ್ಮ.