ಸಮುದ್ರದ ನೀರನ್ನೇ ತಂದು ಹಾಕಿದ್ರೆ ಆಗಲ್ವಾ?

ನಮ್ಮ ಮನೆಯಲ್ಲಿ ಹವಳ, ಮೀನು ಸಾಕುವ ಉಪ್ಪುನೀರಿನ ಟ್ಯಾಂಕ್ ಇದೆ ಅಂತ ಗೊತ್ತಾದ ತಕ್ಷಣ ಹೆಚ್ಚಿನವರು ಕೇಳುವುದು ಇದನ್ನೇ: "ಮಂಗಳೂರಿಗೋ ಗೋಕರ್ಣಕ್ಕೋ ಹೋದಾಗ ನಾಲ್ಕು ಕ್ಯಾನ್ ಸಮುದ್ರದ ನೀರು ತುಂಬಿಸಿಕೊಂಡು ಬಂದ್ರೆ ಆಗಲ್ವಾ? ದುಡ್ಡು ಕೊಟ್ಟು ಉಪ್ಪು ತಂದು ಕಲಸೋದು ಯಾಕೆ?"

ಒಳ್ಳೆಯ ಪ್ರಶ್ನೆ. ಇದಕ್ಕೆ ಸರಿಯಾಗಿ ಉತ್ತರ ಕೊಡಲು ಹೊರಟರೆ ಟ್ಯಾಂಕ್ ನೋಡಿಕೊಳ್ಳುವ ಕೆಲಸವೆಲ್ಲ ಅದರೊಳಗೇ ಬಂದುಬಿಡುತ್ತದೆ. ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯವರಿಗೆ ನನ್ನ ಉತ್ತರ: ಬೇಡ. ಕರಾವಳಿಯವರಿಗೆ ಉತ್ತರ ಸ್ವಲ್ಪ ಬೇರೆ. ಅದನ್ನು ಕೊನೆಗೆ ಹೇಳುತ್ತೇನೆ.

ಸಮುದ್ರದ ನೀರನ್ನೇ ಹೊತ್ತು ತಂದವರು ಇದ್ದಾರೆ. ಅಮೆರಿಕದ ಶಿಕಾಗೊ ಸಮುದ್ರದಿಂದ ಬಹಳ ದೂರ. ಅಲ್ಲಿ 1930ರಲ್ಲಿ ಶೆಡ್ ಅಕ್ವೇರಿಯಂ ಶುರುವಾಗುವಾಗ, ಫ್ಲಾರಿಡಾದ ಕೀ ವೆಸ್ಟ್‌ನಿಂದ 20 ರೈಲು ಟ್ಯಾಂಕರ್‌ಗಳು ಎಂಟು ಸಲ ಓಡಾಡಿ ಹತ್ತು ಲಕ್ಷ ಗ್ಯಾಲನ್ ನೀರು ತಂದವು. ಅಂದರೆ ಸುಮಾರು 38 ಲಕ್ಷ ಲೀಟರ್. ಈಗ ಅದೇ ಅಕ್ವೇರಿಯಂ ಉಪ್ಪು ಕಲಸಿ ತನ್ನ ನೀರನ್ನು ತಾನೇ ಮಾಡಿಕೊಳ್ಳುತ್ತದೆ. ಕ್ಯಾಲಿಫೋರ್ನಿಯಾದ ಮಾಂಟೆರೆ ಬೇ ಅಕ್ವೇರಿಯಂ ಇವತ್ತಿಗೂ ಕೊಲ್ಲಿಯ ನೀರನ್ನೇ ಪಂಪ್ ಮಾಡುತ್ತದೆ. ಹಗಲು ನೋಡುವವರಿಗೆ ತಿಳಿಯಾಗಿ ಕಾಣಲಿ ಅಂತ ಸೋಸಿ ಬಿಡುತ್ತಾರೆ, ರಾತ್ರಿ ಸೋಸದೆ ಬಿಡುತ್ತಾರೆ. ಆ ನೀರಿನ ಜೊತೆ ಬರುವ ಸಣ್ಣ ಜೀವಿಗಳೇ ಒಳಗಿನ ಪ್ರಾಣಿಗಳಿಗೆ ಊಟ. ಇಂಡೋನೇಷ್ಯಾದ ಜಕಾರ್ತದಲ್ಲಿ ಲೀ ಚಿನ್ ಎಂಗ್ ಎನ್ನುವವರು ಸಮುದ್ರದ ನೀರು, ಸಮುದ್ರದ ಕಲ್ಲು, ಗಾಳಿಗುಳ್ಳೆ, ಬಿಸಿಲು ಇಷ್ಟರಲ್ಲೇ ಹವಳ ಬೆಳೆಸಿ 1961ರಲ್ಲಿ ಅದರ ಬಗ್ಗೆ ಬರೆದರು. ಇವತ್ತಿನ, ಹವಳ ಸಾಕುವ ರೀಫ್ ಟ್ಯಾಂಕ್‌ಗಳಿಗೆ ಅದು ಒಂದು ದೊಡ್ಡ ಆರಂಭ.

ಇವರಲ್ಲಿ ಯಾರಿಗೆ ಸಮುದ್ರದ ನೀರು ಒಗ್ಗಿತು ನೋಡಿ. ಸಮುದ್ರದ ಪಕ್ಕದಲ್ಲೇ ಇದ್ದವರಿಗೆ.

ಕ್ಯಾನಿನೊಳಗೆ ಏನಾಗುತ್ತದೆ ಅಂತ ಹೇಳುತ್ತೇನೆ. ದಡದಲ್ಲಿ ತುಂಬಿಸಿದ ನೀರು ನೋಡಲು ತಿಳಿಯಾಗಿರುತ್ತದೆ, ಆದರೆ ಅದರ ತುಂಬ ಕಣ್ಣಿಗೆ ಕಾಣದ ಜೀವಿಗಳು. ಮುಚ್ಚಳ ಬಿಗಿ ಮಾಡಿ, ಡಿಕ್ಕಿಯ ಬಿಸಿಯಲ್ಲಿ, ಶಿರಾಡಿ ಘಾಟಿ ಹತ್ತಿಸಿ 350 ಕಿಲೋಮೀಟರ್ ತಂದರೆ ಒಳಗಿನ ಆಮ್ಲಜನಕ ಮುಗಿಯುತ್ತಾ ಬರುತ್ತದೆ. ಜೀವಿಗಳು ಸಾಯುತ್ತವೆ, ಕೊಳೆಯುತ್ತವೆ, ಅಮೋನಿಯಾ ಆಗುತ್ತದೆ. ಮುಚ್ಚಳ ತೆಗೆದಾಗ ಬರುವ ಕೊಳೆತ ಮೊಟ್ಟೆಯ ವಾಸನೆ, ಆಮ್ಲಜನಕವಿಲ್ಲದೆ ಕೊಳೆತಾಗ ಹುಟ್ಟುವ ಹೈಡ್ರೋಜನ್ ಸಲ್ಫೈಡ್‌ನದ್ದು. ಜೊತೆಗೆ ಬಂದರಿನ ಡೀಸೆಲ್, ಚರಂಡಿ ನೀರು ಎಷ್ಟು ಸೇರಿದೆಯೋ ಹೇಳಲಾಗದು. ಇಷ್ಟೆಲ್ಲ ಮಾಡಿ ಹತ್ತು ಲೀಟರ್ ತಂದರೆ, ಅದರಲ್ಲಿ ನಮಗೆ ಬೇಕಾಗಿರುವುದು 350 ಗ್ರಾಂ ಉಪ್ಪು. ಉಳಿದದ್ದೆಲ್ಲ ಬರೀ ನೀರಿನ ಭಾರ.

ಅಡುಗೆ ಉಪ್ಪು ನಡೆಯುತ್ತಾ ಅನ್ನುವುದು ಮುಂದಿನ ಪ್ರಶ್ನೆ. ನಡೆಯಲ್ಲ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ಅದರಲ್ಲಿ 30 ಗ್ರಾಂ ನಮ್ಮ ಅಡುಗೆ ಉಪ್ಪಿನ ಸೋಡಿಯಂ, ಕ್ಲೋರೈಡ್‌ಗಳೇ. ಮಿಕ್ಕ ಐದು ಗ್ರಾಂನಲ್ಲಿ ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲ ಇವೆ. ಹವಳ ಬದುಕುವುದು ಈ ಐದು ಗ್ರಾಂ ಇದ್ದರೆ ಮಾತ್ರ. ಇಲ್ಲೊಂದು ಸೊಗಸಾದ ಸಂಗತಿ ಇದೆ. ಚಾಲೆಂಜರ್ ಹಡಗು 1872ರಿಂದ 1876ರವರೆಗೆ ಲೋಕದ ಸಮುದ್ರಗಳನ್ನೆಲ್ಲ ಸುತ್ತಿ ತಂದ ನೀರಿನಲ್ಲಿ 77 ಮಾದರಿಗಳನ್ನು ವಿಲಿಯಂ ಡಿಟ್ಮಾರ್ ಎಂಬ ರಸಾಯನ ವಿಜ್ಞಾನಿ ಪರೀಕ್ಷೆ ಮಾಡಿ 1884ರಲ್ಲಿ ಫಲಿತಾಂಶ ಕೊಟ್ಟರು. ಉಪ್ಪು ಹೆಚ್ಚು ಕಡಿಮೆ ಇರಬಹುದು, ಆದರೆ ಅದರೊಳಗಿನ ಮುಖ್ಯ ಲವಣಗಳ ಪಾಲು ಎಲ್ಲ ಸಾಗರಗಳಲ್ಲೂ ಹೆಚ್ಚುಕಡಿಮೆ ಒಂದೇ. ಹಾಗಿರುವುದರಿಂದಲೇ ಆ ಮಿಶ್ರಣವನ್ನು ಡಬ್ಬದಲ್ಲಿ ತುಂಬಿ ಮಾರಲು ಸಾಧ್ಯವಾಗಿದೆ. ರೀಫ್ ಸಾಲ್ಟ್ ಅಂತ ಸಿಗುವುದು ಇದೇ.

ಆದರೆ ಆ ಉಪ್ಪನ್ನು ಕಲಸುವ ನೀರು ಶುದ್ಧವಾಗಿರಬೇಕು. ಕೊಳವೆಬಾವಿ ನೀರಿನಲ್ಲಿ ಗಡಸು, ನೈಟ್ರೇಟ್. ಕಾವೇರಿ ನೀರಿನಲ್ಲಿ ಕ್ಲೋರಿನ್. ಮನೆಯ ಆರ್‌ಒ ನೀರು ಸಾಕಲ್ವಾ ಅಂದರೆ, ಸಾಮಾನ್ಯವಾಗಿ ಸಾಲದು. ಕುಡಿಯಲು ರುಚಿ ಇರಲಿ ಅಂತ ಎಷ್ಟೋ ಮೆಷಿನ್‌ಗಳು ಸೋಸಿದ ನೀರಿಗೆ ಸ್ವಲ್ಪ ಸೋಸದ ನೀರನ್ನೋ ಖನಿಜವನ್ನೋ ಮತ್ತೆ ಸೇರಿಸುತ್ತವೆ. ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಅಂತ ತೋರಿಸುವ ಒಂದು ಟಿಡಿಎಸ್ ಮೀಟರ್ ತಗೊಂಡು ಅದ್ದಿ ನೋಡಿ. ಟ್ಯಾಂಕ್‌ಗೆ ಬೇಕಾದದ್ದು ಸೊನ್ನೆ. ಅದಕ್ಕೆ ಆರ್‌ಒ ಆದ ಮೇಲೆ ಡಿಐ ರೆಸಿನ್ (ಉಳಿದ ಲವಣವನ್ನೂ ಹಿಡಿದುಕೊಳ್ಳುವ ಸಣ್ಣ ಕಾಳು) ಹಾಕಿದ ಇನ್ನೊಂದು ಕೊಳವೆ ಜೋಡಿಸಬೇಕು. ಬಕೆಟ್‌ಗೆ ಮೊದಲು ನೀರು, ಆಮೇಲೆ ಉಪ್ಪು. ಒಳಗೊಂದು ಸಣ್ಣ ಮೋಟರ್ ಬಿಟ್ಟು ಒಂದು ದಿನ ತಿರುಗಲು ಬಿಡಿ.

ಇಷ್ಟಾದರೆ ನೀರು ತಯಾರು. ನೀರಿನೊಳಗೆ ಏನಿರಬೇಕೋ ಅದೆಲ್ಲ ಡಬ್ಬದಲ್ಲಿ ಸಿಕ್ಕಿತು. ಕ್ಯಾನಿನಲ್ಲೂ ಬರದ, ಡಬ್ಬದಲ್ಲೂ ಸಿಗದ ಒಂದು ವಿಷಯ ಸಮುದ್ರದ ಹತ್ತಿರ ಇದೆ: ಅದರ ಗಾತ್ರ. ಸಮುದ್ರದ ಹವಳದ ಸುತ್ತ ನಿನ್ನೆ ಇದ್ದ ಉಪ್ಪೇ ಇವತ್ತೂ ಇರುತ್ತದೆ, ನಿನ್ನೆಯ ಬಿಸಿಯೇ ಇವತ್ತೂ. ನಮ್ಮ 80 ಲೀಟರ್‌ನಲ್ಲಿ ಎಲ್ಲವೂ ದಿನವಿಡೀ ಏರಿಳಿಯುತ್ತದೆ. ಆ ಏರಿಳಿತವನ್ನು ತಡೆಯುವುದೇ ನಮ್ಮ ಕೆಲಸ. ಸಣ್ಣ ಟ್ಯಾಂಕ್ ಸುಲಭ ಅಂದುಕೊಂಡು ಒಂದಡಿಯ ಗಾಜಿನ ಡಬ್ಬಿ ತರುವವರಿಗೆ ನಾನು ಬೇಡ ಎನ್ನುವುದು ಇದಕ್ಕೇ. ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂಕಾಲು ಅಡಿ ಎತ್ತರ ಇದ್ದರೆ, ಕಲ್ಲು ಮರಳು ಕಳೆದು 80 ಲೀಟರ್ ನೀರು ನಿಲ್ಲುತ್ತದೆ. ಶುರು ಮಾಡುವವರಿಗೆ ಅದಕ್ಕಿಂತ ಚಿಕ್ಕದು ಬೇಡ.

ಮೊದಲು ಉಪ್ಪು. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಏಪ್ರಿಲ್‌ನಲ್ಲಿ ಫ್ಯಾನ್ ಹಾಕಿದ ಟ್ಯಾಂಕ್ ದಿನಕ್ಕೆ ಎರಡು ಲೀಟರ್ ಕಳೆದುಕೊಳ್ಳಬಹುದು. 35 ಇದ್ದ ಉಪ್ಪು ಎರಡು ದಿನಕ್ಕೆ 37ರ ಹತ್ತಿರ ಬರುತ್ತದೆ. ಆಮೇಲೆ ಗಾಬರಿಯಿಂದ ನಾಲ್ಕು ಲೀಟರ್ ಒಟ್ಟಿಗೆ ಸುರಿದರೆ ಉಪ್ಪು ದಿಢೀರನೆ ಇಳಿದು ಅದು ಇನ್ನೊಂದು ಪೆಟ್ಟು. ಟ್ಯಾಂಕ್ ಗಾಜಿನ ಮೇಲೆ ಮಾರ್ಕರ್‌ನಿಂದ ಒಂದು ಗೆರೆ ಹಾಕಿ. ನೀರು ಗೆರೆಯಿಂದ ಇಳಿದಷ್ಟನ್ನು ದಿನಾ ಬೆಳಿಗ್ಗೆ ಉಪ್ಪು ಹಾಕದ ಅದೇ ಶುದ್ಧ ಸಿಹಿನೀರಿನಿಂದಲೇ ತುಂಬಿಸಿ. ಉಪ್ಪುನೀರಿನಿಂದ ಅಲ್ಲ, ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ವಾರಕ್ಕೊಮ್ಮೆ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ಗಾಜಿನ ಮೇಲೆ ಎರಡು ಹನಿ ಬಿಟ್ಟು, ಮುಚ್ಚಳ ಒತ್ತಿ, ಬೆಳಕಿಗೆ ಹಿಡಿದು ನೋಡಿ. ನೀಲಿ ಬಿಳಿ ಸೇರುವ ಗೆರೆ 35ರ ಮೇಲೆ ಕೂತಿರಬೇಕು.

ಆಮೇಲೆ ಬಿಸಿ. 25ರಿಂದ 27 ಡಿಗ್ರಿ ಇದ್ದರೆ ಚೆನ್ನ. ಹವಳದ ಮೈಯೊಳಗೆ ಸಣ್ಣ ಪಾಚಿ ವಾಸ ಮಾಡುತ್ತದೆ. ಬಣ್ಣದಲ್ಲಿ ಹೆಚ್ಚಿನ ಪಾಲು, ಊಟದಲ್ಲಿ ಹೆಚ್ಚಿನ ಪಾಲು ಅದೇ ಕೊಡುವುದು. ಬಿಸಿ ಏರಿ ಹಾಗೇ ನಿಂತರೆ ಹವಳ ಆ ಪಾಚಿಯನ್ನು ಹೊರಹಾಕಿ ಬಿಳುಚಿಕೊಳ್ಳುತ್ತದೆ. ಲಕ್ಷದ್ವೀಪದ ಹವಳ ದಂಡೆಗಳಲ್ಲಿ 1998, 2010, 2016ರಲ್ಲಿ ಆದದ್ದು ಇದೇ. ಅಷ್ಟು ದೊಡ್ಡ ಸಮುದ್ರಕ್ಕೇ ತಡೆದುಕೊಳ್ಳಲು ಆಗಲಿಲ್ಲ ಅಂದರೆ ಟ್ಯಾಂಕಿನ ಪಾಡು ಊಹಿಸಿ. ಬೆಂಗಳೂರಿನ ಹವೆ ನಮಗೆ ದೊಡ್ಡ ಸಹಾಯ. ಬೇಸಿಗೆಯಲ್ಲೂ ಗಾಳಿ ಒಣಗಿರುತ್ತದೆ, ಹಾಗಾಗಿ ನೀರಿನ ಮೇಲೆ ಗಾಳಿ ಬೀಸುವ ಸಣ್ಣ ಫ್ಯಾನ್ ಸಾಕು, ಎರಡು ಮೂರು ಡಿಗ್ರಿ ಇಳಿಯುತ್ತದೆ. ಮಣ್ಣಿನ ಮಡಕೆಯಲ್ಲಿ ನೀರು ತಣ್ಣಗಾಗುವ ಹಾಗೆಯೇ ಇದು. ಮಂಗಳೂರಿನ ಸೆಕೆಯಲ್ಲಿ ಇದು ನಡೆಯುವುದಿಲ್ಲ. ಅಲ್ಲಿ ನೀರು ತಂಪು ಮಾಡುವ ಯಂತ್ರ, ಚಿಲ್ಲರ್, ಬೇಕೇ ಬೇಕು.

ಕರೆಂಟ್ ಹೋದಾಗ ಏನು ಮಾಡುವುದು ಎನ್ನುವುದನ್ನು ಟ್ಯಾಂಕ್ ತರುವ ಮೊದಲೇ ಯೋಚಿಸಿ. ಉಪ್ಪುನೀರಿನಲ್ಲಿ ಆಮ್ಲಜನಕ ಕರಗುವುದು ಸಿಹಿನೀರಿಗಿಂತ ಸುಮಾರು ಐದರಲ್ಲಿ ಒಂದು ಪಾಲು ಕಡಿಮೆ. ಮೋಟರ್ ನಿಂತರೆ ಲೈಟ್ ಆರಿದ್ದು ತೊಂದರೆಯಲ್ಲ, ಅಲೆ ನಿಂತದ್ದು ತೊಂದರೆ. ಬ್ಯಾಟರಿಯಲ್ಲಿ ನಡೆಯುವ ಒಂದು ಏರ್ ಪಂಪ್ ಮನೆಯಲ್ಲಿರಲಿ. ಯುಪಿಎಸ್ ಇದ್ದರೆ ಅಲೆ ಎಬ್ಬಿಸುವ ವೇವ್‌ಮೇಕರ್ ಒಂದನ್ನಾದರೂ ಅದಕ್ಕೆ ಸೇರಿಸಿ.

ನೀರು ತುಂಬಿದ ಮಾರನೇ ದಿನವೇ ಮೀನು ಬಿಡುವ ಆತುರ ಎಲ್ಲರಿಗೂ ಇರುತ್ತದೆ. ದಯವಿಟ್ಟು ತಡೆಯಿರಿ. ಮೀನಿನ ಹೊಲಸು ಅಮೋನಿಯಾ ಆಗುತ್ತದೆ, ಅದು ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ನೈಟ್ರೇಟ್ ಮಾಡುತ್ತದೆ. ಇವು ಕಲ್ಲು, ಮರಳಿನ ಮೇಲೆ ನೆಲೆಯಾಗಲು ನಾಲ್ಕರಿಂದ ಆರು ವಾರ ಬೇಕು. ಆ ದಿನಗಳಲ್ಲಿ ಮೀನಿಲ್ಲದೆ, ಬಾಟಲಿಯ ಅಮೋನಿಯಂ ಕ್ಲೋರೈಡ್ ಹನಿ ಹಾಕಿ ಬ್ಯಾಕ್ಟೀರಿಯಾ ಬೆಳೆಸಬಹುದು. ಹಾಕಿದ ಅಮೋನಿಯಾ ಒಂದೇ ದಿನದಲ್ಲಿ ಸೊನ್ನೆಯಾಗಿ, ನೈಟ್ರೈಟ್ ಕೂಡ ಸೊನ್ನೆ ತೋರಿಸಿದರೆ ಟ್ಯಾಂಕ್ ಸಿದ್ಧ. ನಡುವೆ ಮರಳಿನ ಮೇಲೆ ಕಂದು ಬಣ್ಣದ ಪಾಚಿ ಹರಡುತ್ತದೆ. ಹೆದರಬೇಡಿ, ತಾನಾಗಿಯೇ ಹೋಗುತ್ತದೆ.

ಇನ್ನು ಹವಳ. ಇಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಕಲ್ಲಿನಂಥ ಗೂಡು ಕಟ್ಟುವ ಎಲ್ಲ ಹವಳಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಷೆಡ್ಯೂಲ್‌ನಲ್ಲಿವೆ. ಹುಲಿ, ಆನೆ ಇರುವ ಪಟ್ಟಿಯಲ್ಲೇ. ಶಿಕ್ಷೆ ಮೂರರಿಂದ ಏಳು ವರ್ಷ. ಸಮುದ್ರಕುದುರೆಗೂ ರಕ್ಷಣೆ ಇದೆ. ಮುರ್ಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್‌ಗೆ ಹೋದವರು ಅಲ್ಲಿಂದ ಒಂದು ತುಂಡು ಹವಳವನ್ನೂ, ಸತ್ತದ್ದನ್ನೂ ಸಹ, ತರಬಾರದು. ನಮ್ಮ ರಾಜ್ಯದ ನೀರಿನಲ್ಲಿ ಹವಳ ಇರುವ ಜಾಗಗಳೇ ಕೈಬೆರಳೆಣಿಕೆಯಷ್ಟು. ಕಾನೂನು ಇರಲಿ ಇಲ್ಲದಿರಲಿ, ಅವು ಅಲ್ಲೇ ಇರಬೇಕು. ಟ್ಯಾಂಕ್‌ಗೆ ಕಲ್ಲು ಬೇಕಾದರೆ ಸೆರಾಮಿಕ್‌ನಲ್ಲಿ ಮಾಡಿದ್ದು ಸಿಗುತ್ತದೆ.

ಹಾಗಾದರೆ ಇಡುವುದೇನು? ಮೆತ್ತನೆಯ ಹವಳದ ಜಾತಿಗಳು: ಮಶ್ರೂಮ್, ಜೊಆಂಥಿಡ್, ಲೆದರ್ ಕೋರಲ್, ಝೀನಿಯಾ. ಬೇರೆ ಹವ್ಯಾಸಿಗಳು ತಮ್ಮ ಟ್ಯಾಂಕಿನಲ್ಲೇ ಬೆಳೆಸಿ ತುಂಡು ಮಾಡಿ ಕೊಟ್ಟದ್ದಾದರೆ ಒಳ್ಳೆಯದು. ಅಂಗಡಿಯಲ್ಲಿ ಕೊಂಡರೆ ಎಲ್ಲಿಂದ ಬಂತು ಕೇಳಿ, ಬಿಲ್ ತಗೊಳ್ಳಿ. ಕೊಡಲ್ಲ ಅಂದರೆ ಬಿಟ್ಟು ಬನ್ನಿ. ಝೀನಿಯಾವನ್ನು ಹತ್ತಿರದಿಂದ ನೋಡಬೇಕು. ಒಂದೊಂದು ತೊಟ್ಟಿನ ತುದಿಯಲ್ಲಿ ಎಂಟು ಎಳೆ, ಪ್ರತಿ ಎಳೆಗೂ ಹಣಿಗೆಯ ಹಲ್ಲಿನಂತೆ ಸಣ್ಣ ಕವಲು. ಎಂಟೂ ಒಟ್ಟಿಗೆ ಮುಚ್ಚುತ್ತವೆ, ನಿಧಾನಕ್ಕೆ ತೆರೆಯುತ್ತವೆ, ಮತ್ತೆ ಮುಚ್ಚುತ್ತವೆ. ಪಕ್ಕದ ತೊಟ್ಟಿನದ್ದು ಬೇರೆಯೇ ತಾಳ. ನೀರಿನಲ್ಲಿ ಏನೋ ಸರಿಯಿಲ್ಲದಿದ್ದರೆ ಈ ಬಡಿತ ನಿಧಾನವಾಗುವುದನ್ನು ಟೆಸ್ಟ್ ಕಿಟ್‌ಗಿಂತ ಮೊದಲೇ ಕಣ್ಣು ಹಿಡಿಯುತ್ತದೆ. ಜೊಆಂಥಿಡ್ ಮುಟ್ಟುವಾಗ ಮಾತ್ರ ಕೈಗವಸು ಇರಲಿ. ಅವುಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಎಂಬ ಭಯಂಕರ ವಿಷ ಇರುತ್ತದೆ. ಅವು ಅಂಟಿದ ಕಲ್ಲನ್ನು ಬಿಸಿನೀರಿನಲ್ಲಿ ಕುದಿಸುವುದಂತೂ ಬೇಡವೇ ಬೇಡ, ಆವಿಯಲ್ಲೂ ಅಪಾಯ.

ಮೀನು ಎರಡು ಕ್ಲೌನ್ ಫಿಶ್, ಒಂದು ಗೋಬಿ. 80 ಲೀಟರ್‌ಗೆ ಅಷ್ಟೇ. ಕ್ಲೌನ್ ಫಿಶ್‌ಗಳನ್ನು ಈಗ ಭಾರತದಲ್ಲೇ ಮರಿ ಮಾಡಿಸುತ್ತಾರೆ. ತಮಿಳುನಾಡಿನ ಮಂಡಪಂನಲ್ಲಿರುವ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರ ಇದರಲ್ಲಿ ತುಂಬ ಕೆಲಸ ಮಾಡಿದೆ. ಸಾಕಿ ಬೆಳೆಸಿದ್ದನ್ನೇ ಕೇಳಿ ತಗೊಳ್ಳಿ. ಸಮುದ್ರದಿಂದ ಹಿಡಿದದ್ದಕ್ಕಿಂತ ಅವು ಒಣ ಆಹಾರಕ್ಕೆ ಬೇಗ ಒಗ್ಗುತ್ತವೆ. ಹುಟ್ಟುವಾಗ ಎಲ್ಲವೂ ಗಂಡಿನ ದಾರಿಯಲ್ಲೇ ಬೆಳೆಯುತ್ತವೆ. ಎರಡು ಮರಿ ಒಟ್ಟಿಗೆ ಬಿಟ್ಟರೆ ದೊಡ್ಡದು ಮುಂದೆ ಹೆಣ್ಣಾಗುತ್ತದೆ. ಮೊಟ್ಟೆಯಿಟ್ಟರೆ ಕಾಯುವ ಕೆಲಸ ಹೆಚ್ಚಾಗಿ ಗಂಡಿನದ್ದು. ಒಂದು ವಾರ ರೆಕ್ಕೆಯಿಂದ ಗಾಳಿ ಹಾಕುತ್ತಲೇ ಇರುತ್ತದೆ, ಹಾಳಾದ ಮೊಟ್ಟೆಯನ್ನು ಬಾಯಿಂದ ಆರಿಸಿ ತೆಗೆಯುತ್ತದೆ.

ಇದೆಲ್ಲ ಆದ ಮೇಲೆ ವಾರಕ್ಕೆ ಎಂಟೋ ಹತ್ತೋ ಲೀಟರ್ ನೀರು ಬದಲಿಸಿದರೆ ಸಾಕು. ಹೊಸ ನೀರಿನ ಉಪ್ಪು, ಬಿಸಿ ಎರಡೂ ಟ್ಯಾಂಕಿನದ್ದಕ್ಕೆ ಸಮವಾಗಿರಲಿ. ಮೆತ್ತನೆ ಹವಳಕ್ಕೆ ಬೇಕಾದ ಕ್ಯಾಲ್ಸಿಯಂ, ಕ್ಷಾರ ಎಲ್ಲ ಅದರಲ್ಲೇ ಬರುತ್ತದೆ. ಬಾಟಲಿ ಬಾಟಲಿ ಔಷಧಿ ಸುಮ್ನೆ ಖರ್ಚು.

ಈಗ ಕರಾವಳಿಯವರಿಗೆ. ನೀವು ಸಮುದ್ರದ ನೀರು ಬಳಸಬಹುದು, ಆದರೆ ದಡದ್ದು ಬೇಡ, ಅಳಿವೆಯ ಹತ್ತಿರದ್ದಂತೂ ಬೇಡ. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ಹೊಳೆಗಳು ಸೇರುವ ಕಡೆ ಮೇಲಿನ ನೀರಿನಲ್ಲಿ ಉಪ್ಪು ಎಷ್ಟೋ ಇಳಿದು ಕೆಸರು ತುಂಬಿರುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಬಿಟ್ಟುಬಿಡಿ. ಜನವರಿಯಿಂದ ಏಪ್ರಿಲ್ ಒಳಗೆ, ಆಳಕ್ಕೆ ಹೋಗುವ ದೋಣಿಯವರು ಪರಿಚಯ ಇದ್ದರೆ ದೂರದಿಂದ ತಂದುಕೊಡಲು ಹೇಳಿ. ಕ್ಯಾನ್ ಹೊಸದಾಗಿರಲಿ, ಎಣ್ಣೆ ತುಂಬಿದ್ದು ಆಗದು. ಬಂದ ನೀರನ್ನು ಬಟ್ಟೆಯಲ್ಲಿ ಸೋಸಿ, ದೊಡ್ಡ ಡ್ರಮ್‌ನಲ್ಲಿ ಕತ್ತಲಲ್ಲಿ, ಗಾಳಿ ಹಾಯಿಸುತ್ತಾ ಎರಡು ಮೂರು ವಾರ ಇಡಿ. ತಳದಲ್ಲಿ ಕೂತ ಕೆಸರನ್ನು ಅಲ್ಲೇ ಬಿಟ್ಟು ಮೇಲಿನದನ್ನು ತೆಗೆಯಿರಿ. ಅಮೋನಿಯಾ, ಉಪ್ಪು ಎರಡನ್ನೂ ಟೆಸ್ಟ್ ಮಾಡಿ, ಆಮೇಲೆ ಟ್ಯಾಂಕ್‌ಗೆ. ಮಳೆಗಾಲದ ತಿಂಗಳುಗಳಿಗೆ ಒಂದು ಡಬ್ಬ ರೀಫ್ ಸಾಲ್ಟ್ ಮನೆಯಲ್ಲಿಟ್ಟುಕೊಳ್ಳಿ. ಉಪ್ಪಿಗೆ ಉಳಿಸಿದ ದುಡ್ಡನ್ನು ಚಿಲ್ಲರ್‌ಗೆ ಹಾಕಿ.