ಎಷ್ಟು ಹಣ ಇದ್ದರೆ ಪಾಪ?

"ನೀವು ಕ್ರೈಸ್ತರು. ಹಣ ಪಾಪ ಎಂದು ಬೈಬಲ್ ಹೇಳುತ್ತದಲ್ಲ, ಹಾಗಾದರೆ ಒಬ್ಬ ವಿಶ್ವಾಸಿ ಎಷ್ಟು ಇಟ್ಟುಕೊಳ್ಳಬಹುದು?" ಮದುವೆಯಲ್ಲಿ, ಬಸ್ಸಿನಲ್ಲಿ, ಆರಾಧನೆ ಮುಗಿದು ಹೊರಬರುವಾಗ ಇದೇ ಪ್ರಶ್ನೆ. ನಗುನಗುತ್ತಾ ಉತ್ತರ ಕೊಟ್ಟು ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ.

ಬೈಬಲ್ ಹಾಗೆ ಹೇಳುವುದೇ ಇಲ್ಲ. ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆಯ 6ನೇ ಅಧ್ಯಾಯದಲ್ಲಿ ಆದಿ ಸಭೆಯ ಬೋಧಕ ಪೌಲನು ಕೇಡಿನ ಬೇರು ಎಂದು ಕರೆದದ್ದು ಹಣದಾಸೆಯನ್ನು. ಅದೇ ಅಧ್ಯಾಯದ ಕೊನೆಗೆ ಐಶ್ವರ್ಯವಂತರಿಗೂ ಬುದ್ಧಿಮಾತಿದೆ: ಅಹಂಕಾರ ಬೇಡ, ಇಂದಿದ್ದು ನಾಳೆ ಇಲ್ಲವಾಗುವ ಸಂಪತ್ತನ್ನು ನಂಬಿ ಕೂರಬೇಡಿ, ಕೈ ಬಿಚ್ಚಿ ಕೊಡಿ. ಯೇಸುವಿನ ದೇಹಕ್ಕೆ ತನ್ನ ಸಮಾಧಿಯನ್ನೇ ಬಿಟ್ಟುಕೊಟ್ಟ ಅರಿಮಥಾಯದ ಯೋಸೇಫ ಸಿರಿವಂತ. ಬೆಲೆಬಾಳುವ ಊದಾ ಬಣ್ಣದ ಬಟ್ಟೆ ಮಾರುತ್ತಿದ್ದ ಲುದ್ಯಳ ಮನೆಯಲ್ಲಿ ಪೌಲನೇ ಇಳಿದುಕೊಂಡಿದ್ದ. ಪ್ರಶ್ನೆ ಕೇಳುವವರ ಬೈಬಲಿನಲ್ಲಿ ಇವರೆಲ್ಲ ಎಲ್ಲಿ ಕಾಣೆಯಾಗುತ್ತಾರೋ ತಿಳಿಯದು.

ಇಷ್ಟು ಹೇಳಿದೊಡನೆ ಹಿಗ್ಗುವವರದು ಬೇರೆಯೇ ಪಂಗಡ. ಐಶ್ವರ್ಯವಂತನು ದೇವರ ರಾಜ್ಯವನ್ನು ಸೇರುವುದಕ್ಕಿಂತ ಒಂಟೆಯು ಸೂಜಿಯ ಕಣ್ಣಿನಲ್ಲಿ ನುಗ್ಗುವುದು ಸುಲಭ ಎಂಬ ಯೇಸುವಿನ ಮಾತು ಇವರ ಗಂಟಲಲ್ಲಿ ಇಳಿಯುವುದಿಲ್ಲ. ಯೆರೂಸಲೇಮಿನಲ್ಲಿ 'ಸೂಜಿಯ ಕಣ್ಣು' ಎಂಬ ಹೆಸರಿನ ಕಿರುಬಾಗಿಲೊಂದಿತ್ತಂತೆ, ಹೊರೆ ಇಳಿಸಿ ಮಂಡಿಯೂರಿದರೆ ಒಂಟೆ ಹೇಗೋ ದಾಟುತ್ತಿತ್ತಂತೆ. ಯೇಸುವಿನ ಕಾಲದಲ್ಲಿ ಅಂಥ ಬಾಗಿಲಿತ್ತು ಎನ್ನಲು ಆಧಾರವಿಲ್ಲ. ಶತಮಾನಗಳ ನಂತರ ಹುಟ್ಟಿದ ಕಥೆ ಅದು. ಬಾಗಿಲು ಇದ್ದಿದ್ದರೆ ಶಿಷ್ಯರು "ಹಾಗಾದರೆ ಯಾರಿಗೆ ರಕ್ಷಣೆ?" ಎಂದು ಬೆಚ್ಚಿಬೀಳುವ ಅಗತ್ಯವೇನಿತ್ತು?

ನನ್ನ ತಾಳ್ಮೆ ಪೂರ್ತಿ ಕೆಟ್ಟದ್ದು ಒಂದು ಬೈಬಲ್ ಅಧ್ಯಯನ ಕೂಟದಲ್ಲಿ. ಹಿರಿಯರೊಬ್ಬರು ಪೆನ್ನಿನ ಮುಚ್ಚಳ ತೆಗೆದು, ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ದೇವರಿಗೆ ಕೊಡುವ ಹತ್ತನೇ ಪಾಲಾದ ದಶಮಾಂಶದ ಲೆಕ್ಕಕ್ಕೆ ಕುಳಿತಿದ್ದರು. "ದಶಮಾಂಶವನ್ನು ತೆರಿಗೆ ಕಳೆಯುವ ಮುಂಚಿನ ಸಂಬಳಕ್ಕೆ ಲೆಕ್ಕ ಹಾಕಬೇಕೋ, ಕೈಗೆ ಬಂದದ್ದಕ್ಕೋ? ಅದನ್ನು ಕೊಟ್ಟುಬಿಟ್ಟರೆ ಉಳಿದ ಒಂಬತ್ತು ಪಾಲು ನನ್ನದೇ ತಾನೇ?" ನಾನು ಮತ್ತಾಯನ ಸುವಾರ್ತೆಯ 23ನೇ ಅಧ್ಯಾಯ ತೆರೆದು ಓದಿದೆ. ಪುದೀನ, ಸಬ್ಬಸಿಗೆ, ಜೀರಿಗೆಯಲ್ಲೂ ಹತ್ತರಲ್ಲೊಂದು ಪಾಲು ಕೊಟ್ಟು, ನ್ಯಾಯ, ಕರುಣೆ, ನಂಬಿಗಸ್ತಿಕೆಯನ್ನು ಕೈಬಿಟ್ಟವರನ್ನು ಯೇಸು ಗದರುವ ಭಾಗ. ಅವರು ಗಂಭೀರವಾಗಿ ತಲೆಯಾಡಿಸಿ, "ಸತ್ಯವಾದ ಮಾತು. ಆದರೆ ತೆರಿಗೆಗೆ ಮುಂಚೆಯೋ ಆಮೇಲೋ?" ಎಂದರು. ಅವರಿಗೆ ಬೇಕಾಗಿದ್ದದ್ದು ರಸೀದಿ.

ಅಂಕಿ ಸಿಗುವುದಿಲ್ಲ ಸ್ವಾಮಿ. ಲೂಕನ ಸುವಾರ್ತೆಯ 12ನೇ ಅಧ್ಯಾಯದ ಐಶ್ವರ್ಯವಂತನನ್ನೇ ನೋಡಿ. ಅವನು ಕದ್ದವನಲ್ಲ, ಭೂಮಿ ಚೆನ್ನಾಗಿ ಬೆಳೆಯಿತು ಅಷ್ಟೇ. ಬೆಳೆ ಇಡಲು ಜಾಗ ಸಾಲದು. ಏನು ಮಾಡಲಿ ಎಂದು ತನ್ನನ್ನೇ ಕೇಳಿಕೊಳ್ಳುತ್ತಾನೆ, ಕಣಜ ಕೆಡವಿ ದೊಡ್ಡದು ಕಟ್ಟುತ್ತೇನೆ ಎಂದು ತಾನೇ ಉತ್ತರಿಸುತ್ತಾನೆ, ಕೊನೆಗೆ ತಿಂದು ಕುಡಿದು ಸುಖವಾಗಿರು ಎಂದು ತನ್ನ ಜೀವಕ್ಕೇ ಹೇಳಿಕೊಳ್ಳುತ್ತಾನೆ. ಇಡೀ ಯೋಜನೆಯಲ್ಲಿ ಕೊಯ್ದವರಿಲ್ಲ, ನೆರೆಯವರಿಲ್ಲ, ಹಸಿದವರಿಲ್ಲ. ದೇವರು ಅವನನ್ನು ಕರೆದದ್ದು ಬುದ್ಧಿಹೀನ ಎಂದು. ಆ ರಾತ್ರಿಯೇ ಪ್ರಾಣ ಹೋಗುವುದಿತ್ತು; ಕಣಜದಲ್ಲಿ ಎಷ್ಟಿದ್ದರೂ ಇನ್ನೊಂದು ದಿನ ಸಿಗುತ್ತಿರಲಿಲ್ಲ. 4ನೇ ಶತಮಾನದಲ್ಲಿ ಸೆಸರಿಯದ ಬಿಷಪ್ ಬಾಸಿಲ್ ಇದೇ ಭಾಗದ ಮೇಲೆ ಪ್ರಸಂಗ ಮಾಡಿದಾಗ ಸುತ್ತಿಬಳಸಲಿಲ್ಲ: ನೀನು ಬಚ್ಚಿಟ್ಟ ರೊಟ್ಟಿ ಹಸಿದವನದು, ಪೆಟ್ಟಿಗೆಯಲ್ಲಿಟ್ಟ ಬಟ್ಟೆ ಬಟ್ಟೆಯಿಲ್ಲದವನದು.

ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ. ಈ ಹಣ ಯಾರ ಕೈ ದಾಟಿ ಬಂತು? ಯಾಕೋಬನ ಪತ್ರಿಕೆಯಲ್ಲಿ, ಹೊಲ ಕೊಯ್ದವರಿಗೆ ಕೊಡದೆ ಉಳಿಸಿಕೊಂಡ ಕೂಲಿಯೇ ಕೂಗಿಕೊಳ್ಳುತ್ತದೆ. ಯೇಸುವನ್ನು ಮನೆಗೆ ಬರಮಾಡಿಕೊಂಡ, ಸುಂಕದವರ ಮುಖ್ಯಸ್ಥನಾದ ಜಕ್ಕಾಯನಿಗೆ ಆ ಕೂಗು ಕೇಳಿಸಿರಬೇಕು. ತಪ್ಪೊಪ್ಪಿಕೊಂಡವನು ಮೂಲ ಮೊತ್ತಕ್ಕೆ ಐದನೇ ಒಂದು ಪಾಲು ಸೇರಿಸಿ ಹಿಂದಿರುಗಿಸಬೇಕು ಎಂಬುದು ಬೈಬಲಿನ ಅರಣ್ಯಕಾಂಡದ ನಿಯಮ. ಜಕ್ಕಾಯ ತಾನು ಅನ್ಯಾಯವಾಗಿ ಎಳೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದ. ಆಸ್ತಿಯ ಅರ್ಧ ಬಡವರಿಗೆ, ಅದು ಬೇರೆ. ಇಷ್ಟು ಶೇಕಡಾ ಕೊಡು ಎಂದು ಯಾರೂ ಅವನಿಗೆ ಹೇಳಿರಲಿಲ್ಲ.

ಅಂಕಿಯೇ ಬೇಕು ಎನ್ನುವ ಹಿರಿಯರಿಗೆ ಲೂಕನು ಎರಡು ಕೊಡುತ್ತಾನೆ: 18ನೇ ಅಧ್ಯಾಯದಲ್ಲಿ, ಇದ್ದದ್ದನ್ನೆಲ್ಲ ಮಾರಿ ಬಡವರಿಗೆ ಕೊಡು ಎಂದು ಯೇಸು ಹೇಳಿದ ಅಧಿಕಾರಿಗೆ ನೂರಕ್ಕೆ ನೂರು, 19ರಲ್ಲಿ ಜಕ್ಕಾಯನಿಗೆ ಐವತ್ತು. ಆರಿಸಿಕೊಳ್ಳಲಿ.

ಇನ್ನು, ಇದನ್ನೆಲ್ಲ ಓದಿ "ನಿಮ್ಮ ಬ್ಯಾಂಕ್ ಖಾತೆಯಲ್ಲಿ ಎಷ್ಟಿದೆ?" ಎಂದು ಕೇಳುವವರು ಇದ್ದೇ ಇರುತ್ತಾರೆ. ಅದನ್ನು ಹೇಳುವುದಿಲ್ಲ. ಯಾರಿಗೆ ಎಷ್ಟು ಬಾಕಿ ಉಳಿಸಿಕೊಂಡಿದ್ದೀರಿ ಎಂದು ಕೇಳಿ, ಕುಳಿತು ಹೇಳುತ್ತೇನೆ.